ಇತ್ತೀಚೆಗೆ ನೋಡಿದ ಸಿನಿಮಾ: ಥಿಯೇಟರಲ್ಲಿ ಹೇಗಿತ್ತು, ಮನೇಲಿ ಹೇಗಿದೆ?

ಗಾಂಧಿಕ್ಲಾಸ್
ಹೊಸ ಥ್ರೆಡ್. ನಿಯಮ ಒಂದೇ: ಸಿನಿಮಾ ಬಗ್ಗೆ ಏನೇ ಬರೆದ್ರೂ ಎಲ್ಲಿ, ಯಾವುದರಲ್ಲಿ ನೋಡಿದ್ದು ಅಂತ ಜೊತೆಗೇ ಬರೀರಿ. ಹಳೇ ಥ್ರೆಡ್ಡಲ್ಲಿ ‘ಕಾಂತಾರ: ಅಧ್ಯಾಯ 1’ ಬಗ್ಗೆ ನಡೆದ ಜಗಳದಲ್ಲಿ ಅರ್ಧಕ್ಕರ್ಧ ಸಿನಿಮಾ ಮೇಲಿನ ಜಗಳವೇ ಅಲ್ಲ, ಟಿವಿ ಮೇಲಿನ ಜಗಳ. 2025ರ ಅಕ್ಟೋಬರ್ 2ಕ್ಕೆ ಥಿಯೇಟರಿಗೆ ಬಂತು, ಅದೇ ತಿಂಗಳ 31ಕ್ಕೆ ಪ್ರೈಮ್‌ಗೆ ಬಂತು. ಮೊದಲ ವಾರ ನೋಡಿದವರು ರಥದ ಸೀನ್ ಅಂದ್ರೆ ಸಾಕು, ಕುರ್ಚಿ ತುದಿಗೆ ಬರ್ತಾರೆ. ನವೆಂಬರಲ್ಲಿ ನೋಡಿದವರು ‘ಬರೀ ಕತ್ತಲು, ಮಾತು ಕೇಳಲ್ಲ, ಗಲಾಟೆ ಜಾಸ್ತಿ’ ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ: ರಥದ ಸೀನು, ಕಾಡಿನ ಕಾಳಗ ದೊಡ್ಡ ಪರದೆಗೇ ಬರೆದದ್ದು. ಮೊದಲರ್ಧದ ಹಾಸ್ಯ ಎಲ್ಲಿ ನೋಡಿದ್ರೂ ಸಡಿಲ. ಥಿಯೇಟರಲ್ಲಿ ಜನರ ನಗುವಿನಲ್ಲಿ ಅದು ತೇಲಿಹೋಗುತ್ತೆ, ಮನೇಲಿ ತೇಲಲ್ಲ. ರುಕ್ಮಿಣಿ ವಸಂತ್ ಪಾತ್ರದ ತಿರುವು ಮಾತ್ರ ಮನೇಲಿ ಎರಡನೇ ಸಲ ನೋಡುವಾಗಲೇ ಚೆನ್ನಾಗಿ ಕಾಣೋದು. ಮೊದಲರ್ಧದ ಅವಳ ನೋಟಗಳಲ್ಲೇ ಸುಳಿವು ಇಟ್ಟಿದ್ದಾರೆ.

ಪ್ರೊಜೆಕ್ಟರ್‌ರೂಮ್
‘ಕತ್ತಲು’ ಅನ್ನೋ ದೂರಿಗೆ ಮೂರು ಕಾರಣ ಇದೆ. ಮೂರನ್ನೂ ಒಂದೇ ಬುಟ್ಟಿಗೆ ಹಾಕಿದ್ರೆ ಯಾವುದೂ ಸರಿಹೋಗಲ್ಲ.

ಒಂದು, ಕೋಣೆ. ಥಿಯೇಟರ್ ಪರದೆಗೆ ನಿಗದಿಯಾದ ಬೆಳಕು 14 ಫುಟ್-ಲ್ಯಾಂಬರ್ಟ್, ಅಂದ್ರೆ 48 ನಿಟ್ (ಎರಡೂ ಪರದೆಯ ಹೊಳಪಿನ ಅಳತೆ). ನಿಮ್ಮ ಟಿವಿ ಅದಕ್ಕಿಂತ ಎಷ್ಟೋ ಪಟ್ಟು ಬೆಳಗುತ್ತೆ. ಆದರೂ ಥಿಯೇಟರಲ್ಲೇ ದೊಂದಿ ಬೆಳಕಿನ ಸೀನ್ ಸ್ಪಷ್ಟ, ಯಾಕಂದ್ರೆ ಅಲ್ಲಿ ಬೇರೆ ಬೆಳಕಿಲ್ಲ. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರೀತಿದ್ರೆ ಪರದೆಯ ಕಪ್ಪು ಭಾಗದಲ್ಲಿ ಕಾಣೋದು ಕಾಡಲ್ಲ, ನಿಮ್ಮ ಸೋಫಾ. ಲೈಟ್ ಆರಿಸಿ, ಬೇಕಿದ್ರೆ ಟಿವಿ ಹಿಂದೆ ಒಂದು ಸಣ್ಣ ಬಲ್ಬ್ ಇಡಿ. ಕಣ್ಣಿಗೂ ಹಿತ.

ಎರಡು, ಸೆಟ್ಟಿಂಗ್. ‘ಎಕೋ’ ಅಥವಾ ‘ಎನರ್ಜಿ ಸೇವಿಂಗ್’ ಆನ್ ಇದ್ರೆ ಕತ್ತಲೆ ಸೀನ್ ಬಂದಾಗ ಟಿವಿ ಇನ್ನಷ್ಟು ಮಂಕಾಗುತ್ತೆ. ಅದು ಆಫ್. ಪಿಕ್ಚರ್ ಮೋಡ್ ‘ಫಿಲ್ಮ್‌ಮೇಕರ್’ ಅಥವಾ ‘ಸಿನಿಮಾ/ಮೂವಿ’. ಹೊರಗಿನ ಬಾಕ್ಸ್ ಅಥವಾ ಸ್ಟಿಕ್ ಹಾಕಿದ್ರೆ ಬ್ಲಾಕ್ ಲೆವೆಲ್ ಒಮ್ಮೆ ನೋಡಿ: ಬಾಕ್ಸ್ ‘ಲಿಮಿಟೆಡ್’ ಕಳಿಸ್ತಾ ಇದ್ದು ಟಿವಿ ‘ಫುಲ್’ ಅಂದ್ಕೊಂಡ್ರೆ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತೆ. ಉಲ್ಟಾ ಆದ್ರೆ ನೆರಳಲ್ಲಿರೋ ವಿವರ ಎಲ್ಲ ಮಸಿಯಾಗುತ್ತೆ. ಎರಡೂ ಕಡೆ ಒಂದೇ ಇರಬೇಕು, ಅಥವಾ ಎರಡೂ ‘ಆಟೋ’. ಫೈರ್ ಸ್ಟಿಕ್ ಇದ್ದವರು ಡಿಸ್‌ಪ್ಲೇ ಮೆನುವಿನ ಡೈನಾಮಿಕ್ ರೇಂಜ್‌ನಲ್ಲಿ ‘ಆಲ್ವೇಸ್ ಎಚ್‌ಡಿಆರ್’ (ಎಚ್‌ಡಿಆರ್ ಅಂದ್ರೆ ಹೆಚ್ಚು ಹೊಳಪು, ಬಣ್ಣ ತೋರಿಸೋ ವಿಡಿಯೋ ಬಗೆ) ತೆಗೆದು ‘ಅಡಾಪ್ಟಿವ್’ ಇಡಿ. ಎಚ್‌ಡಿಆರ್ ಅಲ್ಲದ ಸಿನಿಮಾನ ಬಲವಂತವಾಗಿ ಎಚ್‌ಡಿಆರ್ ಮಾಡಿದ್ರೆ ಬಣ್ಣ ಪೇಲವ ಆಗೋದು ಸಹಜ.

ಮೂರು, ಸ್ಟ್ರೀಮ್. ಇದು ನಿಮ್ಮ ಕೈಲಿಲ್ಲ. ಥಿಯೇಟರಿಗೆ ಕಳಿಸೋ ಡಿಜಿಟಲ್ ಪ್ರತಿ, ಅಂದ್ರೆ ಡಿಸಿಪಿ ಫೈಲು, ಸೆಕೆಂಡಿಗೆ 250 ಮೆಗಾಬಿಟ್‌ವರೆಗೂ ಹೋಗಬಹುದು. ಮನೆಗೆ 4ಕೆ ನೋಡೋಕೆ ನೆಟ್‌ಫ್ಲಿಕ್ಸ್ ಕೇಳೋದು 15, ಎಚ್‌ಡಿಗೆ 5. ಕಡಿಮೆ ಡೇಟಾದಲ್ಲಿ ಮೊದಲು ಸಾಯೋದು ಕತ್ತಲೆಯ ಸೂಕ್ಷ್ಮ. ದೊಂದಿ ಸುತ್ತ ಬೆಳಕು ನಯವಾಗಿ ಕರಗೋ ಬದಲು ಉಂಗುರ ಉಂಗುರವಾಗಿ ಕಾಣುತ್ತಲ್ಲ, ಅದು ಅರವಿಂದ್ ಕಶ್ಯಪ್ ಕ್ಯಾಮೆರಾದ ತಪ್ಪಲ್ಲ. ವೈಫೈ ಸಿಗ್ನಲ್ ಕಮ್ಮಿ ಇರೋ ಮನೇಲಿ ಟಿವಿಗೆ ಲ್ಯಾನ್ ಕೇಬಲ್ ಎಳೆದ್ರೆ ಸ್ವಲ್ಪ ಸುಧಾರಿಸುತ್ತೆ. ಪ್ಲಾನ್ ಯಾವುದು ಅಂತಲೂ ನೋಡಿ, ಕೆಲವು ಅಗ್ಗದ ಪ್ಲಾನ್‌ಗಳಲ್ಲಿ 4ಕೆ ಬರೋದೇ ಇಲ್ಲ.

ಹುಬ್ಳಿ_ಮಂದಿ
ಕತ್ತಲ ಬಿಡ್ರಿ, ಕಿವಿ ಕಥಿ ಏನು? ಮಾತಾಡೋ ಮುಂದ ವಾಲ್ಯೂಮ್ 40ಕ್ಕ ಏರಸ್ಬೇಕು, ಬಡದಾಟ ಬಂದ್ರ 15ಕ್ಕ ಇಳಸ್ಬೇಕು. ಪಿಚ್ಚರ್ ಮುಗಿಯೂತನಾ ರಿಮೋಟ್ ಕೈಯಾಗ. ಥೇಟರ್‌ನ್ಯಾಗೂ ಒಂದೊಂದ್ ಕಡಿ ಡೈಲಾಗ್ ಸಣ್ಣಗ, ಬಿಜಿಎಂ ದೊಡ್ಡದ. ಇದು ಮಿಕ್ಸ್ ಮಾಡಿದವರ ತಪ್ಪೋ, ಥೇಟರ್‌ನವರದೋ?

ಮಿಕ್ಸಿಂಗ್‌ಕನ್ಸೋಲ್
ಎರಡೂ ರೀ. ಮೊದಲು ಥಿಯೇಟರ್.

ಮಿಕ್ಸಿಂಗ್ ಥಿಯೇಟರಿನಲ್ಲಿ ಡಾಲ್ಬಿ ಪ್ರೊಸೆಸರಿನ ಫೇಡರ್ (ಸದ್ದು ಏರಿಸಿ-ಇಳಿಸೋ ಗುಂಡಿ) 7ರಲ್ಲಿಟ್ಟು ಕೆಲಸ ಮಾಡ್ತಾರೆ. ಆ ಗುರುತಿಗೆ ಪರದೆ ಹಿಂದಿನ ಪ್ರತಿ ಸ್ಪೀಕರಿನಿಂದ 85 ಡೆಸಿಬೆಲ್ ಬರೋ ಹಾಗೆ ಅಳೆದು ಕೂರಿಸಿರ್ತಾರೆ. ಆದರೆ ಚಿತ್ರಮಂದಿರದಲ್ಲಿ ಯಾರೋ ಒಬ್ಬರು ‘ಸೌಂಡ್ ಜಾಸ್ತಿ’ ಅಂದಾಗ ಅದನ್ನ 5ಕ್ಕೆ ಇಳಿಸ್ತಾರೆ. ಒಂದು ಅಂಕಕ್ಕೆ ಸುಮಾರು 3.3 ಡೆಸಿಬೆಲ್, ಅಂದ್ರೆ ಹತ್ತಿರ ಹತ್ತಿರ 6.7 ಡೆಸಿಬೆಲ್ ಹೋಯ್ತು. ಹೊಡೆದಾಟಕ್ಕೆ ಅದು ಹಿತ, ಪಿಸುಮಾತಿಗೆ ಮರಣ. ಹೇಗೂ ಇಳಿಸ್ತಾರೆ ಅಂತ ಮಿಕ್ಸ್ ಮಾಡೋರು ಇನ್ನಷ್ಟು ಜೋರಾಗಿ ಮಾಡ್ತಾರೆ, ಜೋರಾಯ್ತು ಅಂತ ಥಿಯೇಟರಿನವರು ಇನ್ನೂ ಇಳಿಸ್ತಾರೆ. ಈ ಹಗ್ಗಜಗ್ಗಾಟದಲ್ಲಿ ಸೋಲೋದು ಡೈಲಾಗು.

ಇನ್ನು ಮನೆ. ಸಿನಿಮಾದ 5.1ರಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್ ಸೇರಿ ಆರು ಚಾನೆಲ್) ಮಾತು ಬಹುಪಾಲು ಬರೋದು ನಡುವಿನ ಚಾನೆಲ್ಲಿನಿಂದ. ಟಿವಿಗೆ ಇರೋದು ಎಡ-ಬಲ ಎರಡೇ ಸ್ಪೀಕರ್, ಅದೂ ಕೆಳಗೆ ಮುಖ ಮಾಡಿದ್ದು. ಆರನ್ನ ಎರಡಕ್ಕೆ ಇಳಿಸುವಾಗ ಮಾತು 3 ಡೆಸಿಬೆಲ್ ತಗ್ಗಿಸಿ ಎರಡೂ ಕಡೆ ಹಂಚ್ತಾರೆ, ಅದೇ ಎಡ-ಬಲಕ್ಕೆ ಸಂಗೀತ, ಸದ್ದು ಎಲ್ಲ ಬಂದು ಬೀಳುತ್ತೆ. ಸಬ್‌ವೂಫರಿನ ಚಾನೆಲ್ ಸಾಮಾನ್ಯವಾಗಿ ಬಿಟ್ಟೇಹೋಗುತ್ತೆ.

ಖರ್ಚಿಲ್ಲದ ಪರಿಹಾರ, ಈ ಕ್ರಮದಲ್ಲೇ ಮಾಡಿ. ಆ್ಯಪಿನ ಆಡಿಯೋ ಪಟ್ಟಿಯಲ್ಲಿ 5.1 ಬಿಟ್ಟು ಬರೀ ‘ಕನ್ನಡ’ ಅನ್ನೋ ಸ್ಟೀರಿಯೋ ಟ್ರ್ಯಾಕ್ ಇದ್ರೆ ಅದನ್ನ ಆರಿಸಿ. ಆಮೇಲೆ ಟಿವಿಯ ಸೌಂಡ್ ಮೆನುವಿನಲ್ಲಿ ‘ನೈಟ್ ಮೋಡ್’, ‘ಡೈನಾಮಿಕ್ ರೇಂಜ್’ ಅಥವಾ ‘ಆಟೋ ವಾಲ್ಯೂಮ್’ ಹುಡುಕಿ ಆನ್ ಮಾಡಿ. ಜೋರು-ಮೆಲ್ಲಗಿನ ಅಂತರ ಕುಗ್ಗುತ್ತೆ. ‘ಸರೌಂಡ್’, ‘3ಡಿ ಸೌಂಡ್’ ಅಂತ ಟಿವಿಯೇ ಹುಟ್ಟಿಸೋ ಎಫೆಕ್ಟ್ ಏನಿದ್ರೂ ಆಫ್, ಅದು ಮಾತನ್ನ ಡಬ್ಬದೊಳಗೆ ಹಾಕುತ್ತೆ. ‘ಕ್ಲಿಯರ್ ವಾಯ್ಸ್’ ಇದ್ರೆ ಕೊನೆಗೆ, ಅದೂ ಸ್ವಲ್ಪವೇ. ಜಾಸ್ತಿ ಹಾಕಿದ್ರೆ ಸ, ಶ ಎಲ್ಲ ಸಿಳ್ಳೆ ಹೊಡೆಯುತ್ತೆ.

ಖರ್ಚು ಮಾಡೋರು 2.1 ಸೌಂಡ್‌ಬಾರ್ ತಗೋಬೇಡಿ, 3.1 ತಗೊಳ್ಳಿ. ಆ ‘3’ರಲ್ಲಿರೋ ನಡುವಿನ ಸ್ಪೀಕರ್ ಬರೀ ಮಾತಿಗೆ. ರಿಮೋಟಲ್ಲಿ ‘ಸೆಂಟರ್ ಲೆವೆಲ್’ ಏರಿಸೋ ಸೌಲಭ್ಯ ಇದೆಯಾ ಅಂತ ಅಂಗಡೀಲೇ ಕೇಳಿ. ಬಾರನ್ನ ಶೋಕೇಸಿನ ಒಳಗೆ ತಳ್ಳಬೇಡಿ, ಸ್ಟ್ಯಾಂಡಿನ ಮುಂದಿನ ಅಂಚಿಗೆ ಸರಿಯಾಗಿ ಇಡಿ.

ಕಡಲತಡಿ
ಒಳ್ಳೆ ಮಾಹಿತಿ ಮಾರಾಯ್ರೆ. ಇದೇ ಲೆಕ್ಕದಲ್ಲಿ ‘ಸು ಫ್ರಮ್ ಸೋ’ ಬಗ್ಗೆ ಹೇಳ್ಬೇಕು. 2025 ಜುಲೈ 25ಕ್ಕೆ ಬಂದದ್ದು, ಸೆಪ್ಟೆಂಬರಿನಲ್ಲಿ ಜಿಯೋಹಾಟ್‌ಸ್ಟಾರಿಗೆ ಬಂತು. ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿ ಅಶೋಕನ ಪಾತ್ರವನ್ನೂ ಅವರೇ ಮಾಡಿದ್ದು. ಸೋಮೇಶ್ವರದ ಸುಲೋಚನೆ ಮೈಮೇಲೆ ಬಂದಿದ್ದಾಳೆ ಅಂತ ಊರಿಡೀ ನಂಬುವ ಕತೆ.

ಚಿತ್ರಮಂದಿರದಲ್ಲಿ ಇದರ ಕಾಲುಭಾಗ ಡೈಲಾಗ್ ಯಾರಿಗೂ ಕೇಳಿರ್ಲಿಕ್ಕಿಲ್ಲ. ಒಂದು ಜೋಕಿಗೆ ಜನ ನಗ್ತಾ ಇರುವಾಗಲೇ ಮುಂದಿನ ಎರಡು ದಾಟಿ ಹೋಗ್ತದೆ. ಮನೆಯಲ್ಲಿ ನೋಡಿದ್ರೆ ಮುಂದೆ ನಿಂತವ ಮಾತಾಡುವಾಗ ಹಿಂದೆ ಗುಂಪಿನಲ್ಲಿ ಇರುವವ ಗೊಣಗುವುದು ಸಮಾ ಕೇಳ್ತದೆ, ಅಸಲಿ ಹಾಸ್ಯ ಅಲ್ಲಿಯೇ ಉಂಟು. ಗುಂಪಿನ ಸೀನುಗಳಲ್ಲಿ ಎದುರಿನವರನ್ನು ಬಿಟ್ಟು ಅಂಚಿನಲ್ಲಿ ನಿಂತವರ ಮುಖ ನೋಡಿ. ಪ್ರತಿಯೊಬ್ಬನಿಗೂ ಏನಾದ್ರೂ ಕೆಲಸ ಕೊಟ್ಟಿದ್ದಾರೆ, ಸುಮ್ನೆ ನಿಂತವ ಒಬ್ಬನೂ ಇಲ್ಲ.

ಆದ್ರೆ ಒಬ್ಬರೇ ಫೋನಿನಲ್ಲಿ ನೋಡ್ಬೇಡಿ. ‘ಇಷ್ಟಕ್ಕೆ ಯಾಕೆ ಇಷ್ಟು ಗಲಾಟೆ’ ಅಂತ ಅನಿಸ್ತದೆ. ನಾಲ್ಕೈದು ಜನ ಸೇರಿ ನೋಡುವ ಪಿಚ್ಚರ್ ಅದು. ಕೊನೆಗೆ ವಿಷಯ ಗಂಭೀರ ಆಗುವ ಜಾಗ ಉಂಟಲ್ಲ, ಅಲ್ಲಿ ಸ್ವಲ್ಪ ಆತುರ ಮಾಡಿದ್ರು ಅಂತ ನನ್ನ ಅಭಿಪ್ರಾಯ. ಭಾನು ಅನ್ನುವ ಹೆಂಗಸಿನ ಪಾಡಿಗೆ ಇನ್ನೂ ಹತ್ತು ನಿಮಿಷ ಕೊಡ್ಬಹುದಿತ್ತು.

ಗಾಂಧಿಕ್ಲಾಸ್
ಕೊನೇ ಮಾತು ಒಪ್ಪಲ್ಲ. ಆ ಹತ್ತು ನಿಮಿಷ ಕೊಟ್ಟಿದ್ರೆ ಅದು ಭಾಷಣ ಆಗ್ತಿತ್ತು. ನಗ್ತಾ ಇದ್ದವರಿಗೆ ತಟ್ಟನೆ ಗಂಟಲು ಕಟ್ಟಬೇಕು ಅಂತಲೇ ಹಾಗೆ ಮಾಡಿರೋದು.

ಕಡಲತಡಿ
ನಿಮಗೆ ತಟ್ಟಿತು, ಸರಿ. ತಟ್ಟದವರೂ ಇದ್ದಾರೆ.

ಸಬ್‌ಟೈಟಲ್‌ಪ್ರಿಯೆ
ಬಣ್ಣದ ವಿಷಯಕ್ಕೆ ಬರ್ತೀನಿ. ‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ಮನೇಲಿ ನೋಡೋರು ಮೊದಲು ಟಿವಿಯ ‘ವಿವಿಡ್’ ಮೋಡ್ ತೆಗೀಬೇಕು, ಇದು ವಿನಂತಿ ಅಲ್ಲ. 2023ರ ಸೆಪ್ಟೆಂಬರ್ 1ಕ್ಕೆ ಬಂದ ಸೈಡ್ ಎ ಪೂರ್ತಿ ನೀಲಿ ಕಡೆಗೆ ವಾಲಿದೆ, ನವೆಂಬರ್ 17ಕ್ಕೆ ಬಂದ ಸೈಡ್ ಬಿ ಕೆಂಪಿನ ಕಡೆಗೆ. ಹೇಮಂತ್ ರಾವ್ ಮತ್ತು ಛಾಯಾಗ್ರಾಹಕ ಅದ್ವೈತ ಗುರುಮೂರ್ತಿ ಕತೆಯ ಅರ್ಧ ಭಾಗವನ್ನ ಬಣ್ಣದಲ್ಲೇ ಹೇಳಿದ್ದಾರೆ. ವಿವಿಡ್ ಮೋಡಿನಲ್ಲಿ ಬಿಳಿ ಬಣ್ಣವೇ ನೀಲಿ ಹೊಡೆಯುತ್ತೆ. ಆಗ ಸೈಡ್ ಎ ತಣ್ಣಗಿನ ನೀಲಿಯ ಬದಲು ಆಸ್ಪತ್ರೆ ವಾರ್ಡಿನ ಹಾಗೆ ಕಾಣುತ್ತೆ, ಸೈಡ್ ಬಿಯಲ್ಲಿ ಮುಖಗಳೆಲ್ಲ ಟೊಮೆಟೊ.

ಮೋಡ್ ಬದಲಿಸಿದ ಮೇಲೆ ‘ಕಲರ್ ಟೆಂಪರೇಚರ್’ನಲ್ಲಿ ‘ವಾರ್ಮ್’ (ವಾರ್ಮ್ 2 ಇದ್ರೆ ಅದು) ಇಡಿ. ಮೊದಲ ಅರ್ಧ ಗಂಟೆ ಎಲ್ಲ ಹಳದಿ ಅನ್ನಿಸುತ್ತೆ, ಕಣ್ಣು ಹೊಂದಿಕೊಳ್ಳುವವರೆಗೆ ತಡ್ಕೊಳ್ಳಿ. ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಕೂದಲ ಸುತ್ತ ಬರೋ ಬಿಳಿ ಗೆರೆ ಅದರ ಕೊಡುಗೆ.

ಇನ್ನೊಂದು ದೊಡ್ಡ ಶತ್ರು ಮೋಷನ್ ಸ್ಮೂದಿಂಗ್. ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’, ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸೋನಿಯಲ್ಲಿ ‘ಮೋಷನ್‌ಫ್ಲೋ’. 24 ಫ್ರೇಮಿನ ಸಿನಿಮಾಗೆ ಟಿವಿ ತಾನೇ ನಡುವಿನ ಫ್ರೇಮ್ ಹುಟ್ಟಿಸಿ ತುಂಬುತ್ತೆ, ಸಿನಿಮಾ ಹೋಗಿ ಸೀರಿಯಲ್ ಆಗುತ್ತೆ. ಆಫ್ ಮಾಡಿ.

ಪ್ರೊಜೆಕ್ಟರ್‌ರೂಮ್
ಮೇಡಂ, ಪೂರ್ತಿ ಆಫ್ ಮಾಡಿದ್ರೆ 60 ಹರ್ಟ್ಸ್ ಟಿವಿಯಲ್ಲಿ ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ಸರಿಯುವಾಗ ತಡವರಿಸಿದ ಹಾಗೆ ಕಾಣುತ್ತೆ. 24 ಅನ್ನೋದು 60ಕ್ಕೆ ಸಮ ಭಾಗವಾಗಿ ಹೋಗಲ್ಲ, ಹಾಗಾಗಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ, ಹೀಗೆ ತೋರಿಸ್ತಾರೆ. ಸ್ಟಿಕ್‌ನಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಆನ್ ಮಾಡಿದ್ರೆ, ಟಿವಿ 24 ತಗೊಳ್ಳೋದಾದ್ರೆ, ಸಮಸ್ಯೆ ಹೋಗುತ್ತೆ. ಆಗಲಿಲ್ಲ ಅಂದ್ರೆ ‘ಕಸ್ಟಮ್’ಗೆ ಹೋಗಿ ‘ಜಡ್ಡರ್ ರಿಡಕ್ಷನ್’ 1 ಅಥವಾ 2. ಅಷ್ಟಕ್ಕೆ ಸೀರಿಯಲ್ ಆಗಲ್ಲ.

ಸಬ್‌ಟೈಟಲ್‌ಪ್ರಿಯೆ
ಸರಿ ಸರ್, 1 ಒಪ್ಪಿದೆ. 2 ಬೇಡ.

ಸಿನಿಮಾಗೇ ಬಂದ್ರೆ, ಸೈಡ್ ಎ ಥಿಯೇಟರಿನದು, ಸೈಡ್ ಬಿ ಮನೆಯದು ಅನ್ನೋದು ನನ್ನ ವಾದ. ಎ ಭಾಗದ ಸಮುದ್ರದ ಸದ್ದು, ಚರಣ್ ರಾಜ್ ಸಂಗೀತ ಸುತ್ತ ತುಂಬಿಕೊಳ್ಳಬೇಕು. ಬಿ ಭಾಗ ನಿಧಾನ, ನಾಯಕ ಮನು ದೂರದಿಂದ ನೋಡ್ತಾ ಇರೋದೇ ಜಾಸ್ತಿ. ಅದು ಪಕ್ಕದ ಸೀಟಿನವರು ಫೋನ್ ತೆಗೆಯೋ ಜಾಗದಲ್ಲಿ ನಿಲ್ಲಲ್ಲ. ಚೈತ್ರಾ ಆಚಾರ್ ಪಾತ್ರ ಅಂತೂ ಎರಡನೇ ಸಲ ನೋಡಿದಾಗಲೇ ಅರ್ಥ ಆಗೋದು. ಮೊದಲ ಸಲ ನಾವೂ ಮನು ಥರಾನೇ ಅವಳನ್ನ ಬಿಟ್ಟು ಅವನ ಹಳೇ ಪ್ರೇಯಸಿ ಪ್ರಿಯಾನ ಹುಡುಕ್ತಾ ಇರ್ತೀವಿ.

ಹುಬ್ಳಿ_ಮಂದಿ
ಎಲ್ಲಾರೂ ಬೆಂಗಳೂರು-ಮಂಗಳೂರು ಪಿಚ್ಚರ್ ಹೇಳಾಕತ್ತೀರಿ. ‘ಶಿವಮ್ಮ ಯರೇಹಂಚಿನಾಳ’ ನೋಡ್ರಿ. ಕೊಪ್ಪಳ ಜಿಲ್ಲೆಯ ಊರು, ಊರಿನ ಮಂದೀನ ನಟರು, ಸಾಲಿಯೊಳಗ ಅಡಗಿ ಮಾಡೋ ಹೆಣ್ಣಮಗಳು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಬಿದ್ದು ಎನರ್ಜಿ ಪೇಯದ ಪುಡಿ ಮಾರೋ ಕಥಿ. 2022ರಾಗ ಬುಸಾನ್ ಚಿತ್ರೋತ್ಸವದಾಗ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು, ನಮ್ಮ ಥೇಟರಿಗೆ ಬಂದಿದ್ದು 2024ರ ಜೂನ್‌ನ್ಯಾಗ. ಹಾಡಿಲ್ಲ, ಬಡದಾಟಿಲ್ಲ, ಮಾತು ಮಾತ್ರ ಖರೇ ನಮ್ಮ ಕಡಿ ಮಾತು. ಇಂಥಾ ಪಿಚ್ಚರಿಗೆ ದೊಡ್ಡ ಸ್ಕ್ರೀನ್ ಬ್ಯಾಡ ಅಂತ ಮಂದಿ ಅಂತಾರ. ನಾ ಒಪ್ಪಂಗಿಲ್ಲ. ಆಕಿ ಸುಮ್ನ ನಡಕೊಂಡು ಹೋಗೋ ಶಾಟ್ ದೊಡ್ಡದರಾಗ ನೋಡಿದ್ರ ಊರ ಪೂರ್ತಿ ಕಾಣ್ತೈತಿ.

ಮಿಕ್ಸಿಂಗ್‌ಕನ್ಸೋಲ್
ಸರಿಯಾಗಿ ಹೇಳಿದ್ರಿ. ಶಬ್ದದ ಕಡೆಯಿಂದಲೂ ಅದೇ ಮಾತು. ‘ತಿಥಿ’ ತಗೊಳ್ಳಿ. ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿ ತೆಗೆದದ್ದು, ಸೌಂಡ್ ಡಿಸೈನ್ ನಿತಿನ್ ಲೂಕೋಸ್. ಮಾತನ್ನ ಸ್ಟುಡಿಯೋದಲ್ಲಿ ಡಬ್ ಮಾಡಿಲ್ಲ, ಜಾಗದಲ್ಲೇ ಹಿಡಿದಿದ್ದಾರೆ. ಗಡ್ಡಪ್ಪ ನಡೆಯೋ ದಾರೀಲಿ ದೂರದ ಪಂಪ್‌ಸೆಟ್ಟು, ಕುರಿ, ಗಾಳಿ ಎಲ್ಲ ಅದರಲ್ಲಿದೆ. ಟಿವಿ ಸ್ಪೀಕರ್ ಇದನ್ನೆಲ್ಲ ನುಂಗುತ್ತೆ, ಆಮೇಲೆ ಉಳಿಯೋದು ‘ಏನೂ ನಡೀತಿಲ್ಲ’ ಅನ್ನೋ ಅನಿಸಿಕೆ. ಇಂಥ ಸಿನಿಮಾಗೆ ನೈಟ್ ಮೋಡ್ ಹಾಕಬೇಡಿ, ಹಿಂದಿನ ಸದ್ದೆಲ್ಲ ಮೇಲೆ ಬಂದು ಗುಂಯ್ ಅನ್ನುತ್ತೆ. ಒಂದು ಸಾಧಾರಣ ವೈರಿನ ಹೆಡ್‌ಫೋನ್ ಸಾಕು. ಬ್ಲೂಟೂತ್ ಹೆಡ್‌ಫೋನಿನಲ್ಲಿ ತುಟಿಗೂ ಮಾತಿಗೂ ಹೊಂದದೇ ಇರಬಹುದು. ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮೊದಲು ಬಂದ್ರೂ ಗೊತ್ತಾಗುತ್ತೆ, ತಡವಾಗಿ ಬಂದ್ರೆ ಸುಮಾರು 125ರವರೆಗೆ ಕಿವಿ ಸಹಿಸುತ್ತೆ.

ರೀಲ್‌ಡಬ್ಬಿ
ಹಳೇ ಸಿನಿಮಾಗಳ ಬಗ್ಗೆ ಯಾರೂ ಎತ್ತಿಲ್ಲ. ಮನೇಲಿ ನಾವು ನೋಡೋದರಲ್ಲಿ ದೊಡ್ಡ ಪಾಲು ಯೂಟ್ಯೂಬಿನ ಕಪ್ಪು-ಬಿಳುಪು, ಈಸ್ಟ್‌ಮನ್ ಕಲರ್ ಸಿನಿಮಾಗಳೇ ಅಲ್ವಾ. ಅವುಗಳ ಬಗ್ಗೆ ‘ಕ್ಯಾಮೆರಾ ಕೆಲಸ ಸುಮಾರು’ ಅಂತ ಬರೆಯೋ ಮುಂಚೆ ಇಷ್ಟು ಪರೀಕ್ಷೆ ಮಾಡಿ.

ಹಣೆ, ಗಲ್ಲ ಕತ್ತರಿಸಿಹೋಗಿದ್ಯಾ? ಹಾಗಾದ್ರೆ ಚೌಕಾಕಾರದ 4:3 ಪ್ರತಿಯನ್ನ ಅಗಲ ಪರದೆಗೆ ತುಂಬಿಸೋಕೆ ಮೇಲೆ-ಕೆಳಗೆ ಸೇರಿ ಕಾಲುಭಾಗ ಕತ್ತರಿಸಿದ್ದಾರೆ. ಅದಕ್ಕೆ ಮದ್ದಿಲ್ಲ, ಅದೇ ಸಿನಿಮಾ ಬೇರೆ ಚಾನೆಲ್ಲಿನಲ್ಲಿ ಹುಡುಕಿ. ಮುಖ ಅಗಲ, ಎಲ್ಲರೂ ಗಿಡ್ಡ? ಹಾಗಾದ್ರೆ ಎಳೆದು ಹಿಗ್ಗಿಸಿದ್ದಾರೆ. ಟಿವಿ ರಿಮೋಟಲ್ಲಿ ಪಿಕ್ಚರ್ ಸೈಜ್ 4:3 ಮಾಡಿದ್ರೆ ರಾಜ್‌ಕುಮಾರ್ ಮತ್ತೆ ರಾಜ್‌ಕುಮಾರ್ ಆಗ್ತಾರೆ. ಕೈ ಆಡಿಸಿದಾಗ ಬಾಚಣಿಗೆ ಹಲ್ಲಿನ ಥರ ಗೆರೆ ಬರ್ತಿದ್ಯಾ? ಅದು 576 ಸಾಲಿನ ಹಳೇ ವಿಡಿಯೋ ಟೇಪಿನಿಂದ ಇಳಿಸಿದ್ದು, ಬಿಡಿ ಬಿಡಿ ಸಾಲುಗಳನ್ನ ಸರಿಯಾಗಿ ಒಂದೇ ಚಿತ್ರವಾಗಿ ಕೂಡಿಸಿಲ್ಲ (ಡೀಇಂಟರ್‌ಲೇಸ್ ಅಂದ್ರೆ ಅದೇ).

ಎಲ್ಲಕ್ಕಿಂತ ಅನ್ಯಾಯ ಆಗಿರೋದು ತುಂಬಾ ಅಗಲ ಚೌಕಟ್ಟಿನ ಸಿನಿಮಾಸ್ಕೋಪ್ ಚಿತ್ರಗಳಿಗೆ. ಕನ್ನಡದ ಮೊದಲ ಸಿನಿಮಾಸ್ಕೋಪ್ 1977ರ ‘ಸೊಸೆ ತಂದ ಸೌಭಾಗ್ಯ’. ಅಲ್ಲಿಂದ ಮುಂದೆ ಬಂದ ಸ್ಕೋಪ್ ಚಿತ್ರ ಯಾವುದನ್ನೇ ಆಗಲಿ 4:3 ಟಿವಿಗೆ ಅಂತ ಕತ್ತರಿಸಿದ್ರೆ ಚೌಕಟ್ಟಿನ ನೂರರಲ್ಲಿ 43 ಪಾಲು ಹೋಯ್ತು. ಇಬ್ಬರು ಮಾತಾಡ್ತಿದ್ರೆ ಇಬ್ಬರ ಮೂಗು ಮಾತ್ರ ಕಾಣೋ ಶಾಟ್‌ಗಳು ಹುಟ್ಟಿದ್ದು ಹಾಗೆ.

‘ಕಸ್ತೂರಿ ನಿವಾಸ’ 1971ರ ಕಪ್ಪು-ಬಿಳುಪು ಚಿತ್ರ, 2014ರಲ್ಲಿ ಬಣ್ಣ ಹಾಕಿ ಬಿಡುಗಡೆ ಮಾಡಿದ್ರು. ಜನ ಮುಗಿಬಿದ್ದು ನೋಡಿದ್ದು ನಿಜ. ನನ್ನ ಮಟ್ಟಿಗೆ ಆ ನೆರಳು-ಬೆಳಕಿಗೆ ಬಣ್ಣ ಬೇಕಿರಲಿಲ್ಲ. ಬಣ್ಣದ ಪ್ರತಿಯೇ ಸಿಕ್ಕಿದ್ರೆ ಟಿವಿಯಲ್ಲಿ ‘ಕಲರ್’ 0ಗೆ ಇಳಿಸಿ ನೋಡಿ. ಮೂಲಕ್ಕೆ ಸಮ ಅಲ್ಲ, ಕಣ್ಣಿಗೆ ಮಾತ್ರ ನೆಮ್ಮದಿ.

ಸರಿಯಾದ ರಿಸ್ಟೊರೇಷನ್ ಅಂದ್ರೇನು ಅಂತ ನೋಡಬೇಕಾದ್ರೆ ಗಿರೀಶ್ ಕಾಸರವಳ್ಳಿ ನಿರ್ದೇಶನದ ‘ಘಟಶ್ರಾದ್ಧ’. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮಾಡಿದ ಪ್ರತಿ 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದ್ರು. ಚಿತ್ರೋತ್ಸವದಲ್ಲೋ ಫಿಲ್ಮ್ ಸೊಸೈಟಿಯಲ್ಲೋ ಆ ಪ್ರತಿ ಬಂದ್ರೆ ರಜೆ ಹಾಕಿ ಹೋಗಿ. ಯೂಟ್ಯೂಬಿನ ಮಸುಕು ಪ್ರತಿ ನೋಡಿ ಕಾಸರವಳ್ಳಿ ನಿಧಾನ ಅನ್ನೋರು ಆಮೇಲೆ ಮಾತಾಡಲಿ.

ಅಟ್ಲಾಂಟಾ_ಬೆಣ್ಣೆದೋಸೆ
ಹೊರದೇಶದವರ ಕಡೆಯಿಂದ ಸಣ್ಣ ಸೇರ್ಪಡೆ. ಇಲ್ಲಿ ಕನ್ನಡ ಸಿನಿಮಾಗೆ ಸಿಗೋದು ಹೆಚ್ಚಾಗಿ ವಾರಾಂತ್ಯದ ಕೆಲವೇ ಶೋ, ಯೋಚಿಸ್ತಾ ಕೂತ್ರೆ ಹೋಯ್ತು. ಇಂಗ್ಲಿಷ್ ಸಬ್‌ಟೈಟಲ್ ಪ್ರಿಂಟಿನಲ್ಲೇ ಇರುತ್ತೆ, ಕನ್ನಡ ಓದೋಕೆ ಬರದ ಮಕ್ಕಳಿಗೆ ಅದೇ ಆಧಾರ. ಮನೇಲಿ ಓಟಿಟಿ ಆ್ಯಪ್ ಹಿಂದಿ ಆಡಿಯೋದಲ್ಲಿ ಶುರುವಾಗಬಹುದು, ಮೊದಲು ಭಾಷೆ ನೋಡಿ. ‘ಕಾಂತಾರ’ದ ಮೊದಲ ಚಿತ್ರ ಹಿಂದೀಲಿ ನೋಡಿ ‘ಅಷ್ಟೇನಿಲ್ಲ’ ಅಂದೋರು ಸುಮಾರು ಜನ ಇದ್ದಾರೆ.

ಕಡಲತಡಿ
ಆ ಮೊದಲನೇ ‘ಕಾಂತಾರ’ದ ಕತೆಯೇ ಬೇರೆ. 2022ರ ನವೆಂಬರ್ 24ಕ್ಕೆ ಪ್ರೈಮಿಗೆ ಬಂದಾಗ ‘ವರಾಹ ರೂಪಂ’ ಹಾಡಿಗೆ ಬೇರೆಯೇ ಟ್ಯೂನ್ ಹಾಕಿದ್ರು, ಹಕ್ಕುಸ್ವಾಮ್ಯದ ಕೇಸು ಇತ್ತಲ್ಲ. ಆಮೇಲೆ ಹಳೆಯದೇ ವಾಪಸ್ ಬಂತು. ಮೊದಲ ದಿನಗಳಲ್ಲಿ ಮನೆಯಲ್ಲಿ ನೋಡಿ ‘ಕ್ಲೈಮ್ಯಾಕ್ಸ್ ಸಪ್ಪೆ’ ಅಂದವರು ನಿಜಕ್ಕೂ ಬೇರೆ ಕ್ಲೈಮ್ಯಾಕ್ಸ್ ಕೇಳಿದ್ದು. ಈಗ ಇನ್ನೊಮ್ಮೆ ನೋಡ್ಲಿ.

ಮೂಲೆಸೀಟು
ಥಿಯೇಟರಿಗೆ ಹೋಗೋರಿಗೆ ಸೀಟಿನ ವಿಷಯ ಹೇಳಿ ಸರ್. ಹಿಂದಿನ ಸಾಲಿಗೆ ಜಾಸ್ತಿ ದುಡ್ಡು ಯಾಕೆ?

ಪ್ರೊಜೆಕ್ಟರ್‌ರೂಮ್
ಹಳೇ ಬಾಲ್ಕನಿ ಅಭ್ಯಾಸ ಅಷ್ಟೇ. ಪರದೆಯಿಂದ ಕೊನೇ ಸಾಲಿನವರೆಗಿನ ದೂರದಲ್ಲಿ ಮೂರನೇ ಎರಡು ಭಾಗ ಹಿಂದೆ, ಸರಿಯಾಗಿ ನಡುವೆ ಕೂತ್ಕೊಳ್ಳಿ. ಸದ್ದನ್ನ ಅಳೆದು ಹೊಂದಿಸೋದು ಹೆಚ್ಚುಕಡಿಮೆ ಆ ಜಾಗಕ್ಕೇ. ಕೊನೇ ಸಾಲಿನಲ್ಲಿ ಹಿಂದಿನ ಗೋಡೆ ಸ್ಪೀಕರ್ ಕಿವಿಗೇ ಬಡಿಯುತ್ತೆ, ಮಾತು ದೂರ ಹೋಗುತ್ತೆ. ತೀರ ಮೂಲೆ ಬೇಡ, ಬೆಳ್ಳಿ ಪರದೆ ಇದ್ರೆ ಪಕ್ಕದಿಂದ ನೋಡಿದಾಗ ಒಂದು ಕಡೆ ಮಂಕಾಗಿ ಕಾಣುತ್ತೆ. ಬೆಳ್ಳಿ ಪರದೆ ಹಾಕೋದು 3ಡಿಗೋಸ್ಕರ. 2ಡಿ ಸಿನಿಮಾ ಹಾಕುವಾಗ 3ಡಿಯ ಫಿಲ್ಟರ್ ಲೆನ್ಸಿನ ಮುಂದಿಂದ ಸರಿಸದೇ ಬಿಟ್ರೆ ಬೆಳಕು ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಸಿನಿಮಾ ಶುರುವಾದ ಐದು ನಿಮಿಷದಲ್ಲೇ ಹೊರಗೆ ಹೋಗಿ ಹೇಳಿ. ಇಂಟರ್‌ವಲ್‌ನಲ್ಲಿ ಹೇಳಿದ್ರೆ ಯಾರೂ ಕೇಳಲ್ಲ.

ಮಲ್ಟಿಪ್ಲೆಕ್ಸಿನಲ್ಲಿ ಸ್ಕೋಪ್ ಸಿನಿಮಾಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡ್ತಾರಲ್ಲ, ಅಲ್ಲಿ ಪರದೆ ಫ್ಲ್ಯಾಟ್ ಅಳತೆಯದು. ಸ್ಕೋಪ್ ಅಂದ್ರೆ ಎತ್ತರದ 2.39 ಪಟ್ಟು ಅಗಲ, ಫ್ಲ್ಯಾಟ್ ಅಂದ್ರೆ 1.85 ಪಟ್ಟು. ಆ ಪಟ್ಟಿ ಮುಚ್ಚೋಕೆ ಕಪ್ಪು ಬಟ್ಟೆ ಇಳಿಸಬೇಕು, ಈಗ ಯಾರೂ ಇಳಿಸಲ್ಲ. ಈ ವಿಷಯದಲ್ಲಿ ಅಗಲ ಪರದೆಯ ಹಳೇ ಸಿಂಗಲ್ ಸ್ಕ್ರೀನ್‌ಗಳೇ ವಾಸಿ. ಬೆಂಗಳೂರಲ್ಲಾದ್ರೆ ಲಾಲ್‌ಬಾಗ್ ರಸ್ತೆಯ ಊರ್ವಶಿ, ಮಾಗಡಿ ರಸ್ತೆಯ ವೀರೇಶ್, ಮಾಸ್ ಸಿನಿಮಾಗೆ ಇವೆರಡು ಸಾಕು.

ಗಾಂಧಿಕ್ಲಾಸ್
ರೇಟ್ ಬಗ್ಗೆ: ಸರ್ಕಾರ 2025ರ ಸೆಪ್ಟೆಂಬರಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ತಂತು, 75 ಸೀಟಿನೊಳಗಿನ ಪ್ರೀಮಿಯಂ ಸ್ಕ್ರೀನ್‌ಗೆ ವಿನಾಯಿತಿ ಕೊಟ್ಟು. ಅದೇ ತಿಂಗಳು 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಜಿಎಸ್‌ಟಿ ಮಾತ್ರ ಬದಲಾಯ್ತು, ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ 12ರ ಬದಲು ಶೇಕಡ 5. ಅದರ ಮೇಲಿನದಕ್ಕೆ 18 ಹಾಗೇ ಇದೆ. ಅಂದ್ರೆ ಲಾಭ ಸಿಂಗಲ್ ಸ್ಕ್ರೀನ್ ಕೆಳಗಿನ ಕ್ಲಾಸಿಗೆ, ನಮ್ಮ ಕ್ಲಾಸಿಗೆ!

ಮೂಲೆಸೀಟು
ಮನೇಲಿ ಎಷ್ಟು ದೂರ ಕೂರಬೇಕು? 55 ಇಂಚು ಇದೆ. ಆನ್‌ಲೈನಲ್ಲಿ ಸಿಗೋ ಅಗ್ಗದ ಪ್ರೊಜೆಕ್ಟರ್ ಹೇಗೆ?

ಪ್ರೊಜೆಕ್ಟರ್‌ರೂಮ್
55 ಇಂಚಿನ ಅಗಲ 122 ಸೆಂಟಿಮೀಟರ್. ಥಿಯೇಟರಿನ ಹಿಂದಿನ ಸಾಲಿನ ಅನುಭವ ಬೇಕಾದ್ರೆ ಏಳೂವರೆ ಅಡಿ, ನಡುವಿನದು ಬೇಕಾದ್ರೆ ಐದೂವರೆ. ನಮ್ಮ ಹಾಲ್‌ಗಳಲ್ಲಿ ಸೋಫಾ ಇರೋದು ಹತ್ತು-ಹನ್ನೆರಡು ಅಡಿ ದೂರದ ಗೋಡೆಗೆ ಒರಗಿ. ಅದೂ ಸ್ಕೋಪ್ ಸಿನಿಮಾ ಆದ್ರೆ ಟಿವಿಯ ಕಾಲುಭಾಗ ಕಪ್ಪು ಪಟ್ಟಿಗೇ ಹೋಗುತ್ತೆ. ಕುರ್ಚಿ ಮುಂದಕ್ಕೆ ಎಳ್ಕೊಳ್ಳಿ, ದುಡ್ಡಿಲ್ಲದೆ ಟಿವಿ ದೊಡ್ಡದಾಗೋ ಉಪಾಯ ಇದೊಂದೇ.

ಅಗ್ಗದ ಪ್ರೊಜೆಕ್ಟರಿನ ಡಬ್ಬದ ಮೇಲೆ ಬರೆದಿರೋ ಸಾವಿರಾರು ಲ್ಯೂಮೆನ್ ನಂಬಬೇಡಿ, ‘ಆನ್ಸಿ ಲ್ಯೂಮೆನ್’ (ನಿಗದಿತ ವಿಧಾನದಲ್ಲಿ ಅಳೆದ ಬೆಳಕು) ಎಷ್ಟು ಅಂತ ಹುಡುಕಿ. 100 ಇಂಚಿನ ಪರದೆಗೆ ಥಿಯೇಟರ್ ಮಟ್ಟದ 48 ನಿಟ್ ಬೇಕಾದ್ರೆ ಪೂರ್ತಿ ಕತ್ತಲೆ ಕೋಣೇಲಿ ಸುಮಾರು 415 ಆನ್ಸಿ ಲ್ಯೂಮೆನ್ ಬೇಕು. ಕೈಲಿರೋದು 200 ಆದ್ರೆ 23 ನಿಟ್ ಸಿಗುತ್ತೆ, ರಾತ್ರಿ ಸೀನ್ ಮುಗಿದ ಹಾಗೆ. ಅದನ್ನೇ 80 ಇಂಚಿಗೆ ಇಳಿಸಿದ್ರೆ 36 ನಿಟ್, ಪರವಾಗಿಲ್ಲ. ‘4ಕೆ ಸಪೋರ್ಟ್’ ಅಂದ್ರೆ 4ಕೆ ಫೈಲು ತಗೊಳ್ಳುತ್ತೆ ಅಂತ ಅಷ್ಟೇ, ‘ನೇಟಿವ್ ರೆಸಲ್ಯೂಷನ್’ ನೋಡಿ. ಇನ್ನೊಂದು ಮೋಸ ಇದೆ: ಒಳಗಿನ ಆಂಡ್ರಾಯ್ಡ್‌ಗೆ ‘ವೈಡ್‌ವೈನ್ ಎಲ್1’ ಅನ್ನೋ ನಕಲು-ತಡೆ ಪ್ರಮಾಣಪತ್ರ ಇಲ್ಲದಿದ್ರೆ ಓಟಿಟಿ ಆ್ಯಪುಗಳು ಎಚ್‌ಡಿ ಕೊಡಲ್ಲ, 480ರಲ್ಲೇ ನಿಲ್ಲುತ್ತೆ. ಅಂಥದಕ್ಕೆ ಒಂದು ಒಳ್ಳೆ ಸ್ಟಿಕ್ ಚುಚ್ಚಿ ನೋಡೋದೇ ದಾರಿ.

ಹುಬ್ಳಿ_ಮಂದಿ
3.1 ಸೌಂಡ್‌ಬಾರ್ ತಗೋತೀನ್ರಿ. ನನ್ನ ಟಿವಿಗೆ ಆಪ್ಟಿಕಲ್ ಐತಿ, ಎಚ್‌ಡಿಎಂಐನೂ ಐತಿ. ಯಾವ್ದಕ್ಕ ಹಚ್ಚಲಿ?

ಮಿಕ್ಸಿಂಗ್‌ಕನ್ಸೋಲ್
ಎಚ್‌ಡಿಎಂಐ ರೀ. ಟಿವಿ ಹಿಂದೆ ‘ಎಆರ್‌ಸಿ’ ಅಥವಾ ‘ಇ-ಎಆರ್‌ಸಿ’ ಅಂತ ಬರೆದಿರೋ ತೂತಿಗೇ ಹಾಕ್ಬೇಕು, ಬೇರೆ ತೂತಿಗೆ ಹಾಕಿದ್ರೆ ಟಿವಿ ಆ್ಯಪಿನ ಸದ್ದು ಬಾರಿಗೆ ಹೋಗಲ್ಲ. ಆಮೇಲೆ ಸಿಇಸಿ (ಟಿವಿ, ಬಾರ್ ಒಂದನ್ನೊಂದು ನಿಯಂತ್ರಿಸೋ ಸೌಲಭ್ಯ) ಆನ್ ಮಾಡಿ. ಸ್ಯಾಮ್‌ಸಂಗಿನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಡಿಜಿಟಲ್ ಆಡಿಯೋ ಔಟ್‌ಪುಟ್ ‘ಪಿಸಿಎಂ’ ಇದ್ರೆ ‘ಪಾಸ್‌ಥ್ರೂ’ ಅಥವಾ ‘ಆಟೋ’ ಮಾಡಿ. ಆಪ್ಟಿಕಲ್‌ನಲ್ಲಿ ಓಟಿಟಿಯ ಡಾಲ್ಬಿ ಡಿಜಿಟಲ್ ಪ್ಲಸ್ ಹೋಗಲ್ಲ. ಕೆಲವು ಟಿವಿ ಅದನ್ನ ಹಳೇ ಡಾಲ್ಬಿ ಡಿಜಿಟಲ್‌ಗೆ ಬದಲಿಸಿ ಕಳಿಸುತ್ತೆ, ಉಳಿದವು ಬರೀ ಸ್ಟೀರಿಯೋ ಕಳಿಸುತ್ತೆ. ಆಗ ನಿಮ್ಮ ನಡುವಿನ ಸ್ಪೀಕರಿಗೆ ಬೇರೆಯಾಗಿ ಮಾತೇ ಬರಲ್ಲ.

ಬಾರ್ ಹಚ್ಚಿದ ಮೇಲೆ ಮೊದಲು ಹೇಳಿದ ಸ್ಟೀರಿಯೋ ಟ್ರ್ಯಾಕ್ ಬಿಟ್ಟು 5.1ಕ್ಕೆ ವಾಪಸ್ ಬನ್ನಿ. ಮಾತು ತುಟಿಗಿಂತ ಮೊದಲೇ ಬರ್ತಿದ್ರೆ ಬಾರಿನ ‘ಆಡಿಯೋ ಡಿಲೇ’ 20 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ಏರಿಸ್ತಾ ಹೋಗಿ. ತಡವಾಗಿ ಬರ್ತಿದ್ರೆ ಡಿಲೇ 0 ಮಾಡಿ, ಬಾರಿನ ‘ಸರೌಂಡ್’ ಎಫೆಕ್ಟ್ ಆಫ್ ಮಾಡಿ.

ಹುಬ್ಳಿ_ಮಂದಿ
ಆತು. ಮೊದಲ ಶಿವಮ್ಮನ್ನ ಹಚ್ಚಿ ನೋಡ್ತೀನಿ, ಆಮ್ಯಾಲ ರಥ.